ಶಾಲೆಗೆ ಕಳಿಸದ ಕಾರಂತರು

ಉಲ್ಲಾಳ ಅಂತ ಮ್ಯಾಪಲ್ಲಿ ಹುಡುಕಿದ್ರೆ ಎರಡು ಸಿಗುತ್ತೆ: ಕೆಂಗೇರಿ ಹತ್ತಿರದ ನಮ್ಮದು, ಮಂಗಳೂರಿನ ಕಡಲ ಪಕ್ಕದ್ದು. ಈ ಕಥೆ ಆ ಕಡಲ ಜಿಲ್ಲೆಯ ಪುತ್ತೂರಿನದು. ಹೋಂಸ್ಕೂಲಿಂಗ್ ಅಂದ್ರೆ ಈಗಿನ ಬೆಂಗಳೂರಿನ ಫ್ಯಾಷನ್ ಅಂದ್ಕೊಂಡಿದ್ದೆ, ತಪ್ಪು.

1902ರಲ್ಲಿ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಗಾಂಧೀಜಿ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು. ಪುತ್ತೂರಿನ ಬಾಲವನದಲ್ಲಿ ಊರ ಮಕ್ಕಳಿಗೆ ಆಟ, ನಾಟಕ, ಕುಣಿತದ ಮೂಲಕ ಕಲಿಸಲು ಹೊರಟರು. ಮಕ್ಕಳಿಗೆಂದೇ ಮೂರು ಸಂಪುಟಗಳ ‘ಬಾಲಪ್ರಪಂಚ’ ಬರೆದರು. 1936ರಲ್ಲಿ ಲೀಲಾ ಅವರನ್ನು ಮದುವೆಯಾದರು, ಅದೂ ಜಾತಿ ಮೀರಿ.

ಬೇರೆಯವರ ಮಕ್ಕಳ ಮೇಲೆ ಪ್ರಯೋಗ ಸುಲಭ. ಸ್ವಂತ ಮಕ್ಕಳು? ಮಗ ಉಲ್ಲಾಸರನ್ನು ಎಳೆ ವಯಸ್ಸಿನಲ್ಲಿ ಕಾರಂತರು ಶಾಲೆಗೆ ಹಾಕಲೇ ಇಲ್ಲ. ಮನೆ, ಪುಸ್ತಕಗಳು, ಸುತ್ತಲ ಗುಡ್ಡ, ಹಕ್ಕಿಗಳು, ಇಷ್ಟೇ ಕ್ಲಾಸು. ಅಟೆಂಡೆನ್ಸ್ ಇಲ್ಲ, ಇಂಟರ್ನಲ್ಸ್ ಇಲ್ಲ (ಪುಣ್ಯವಂತರು!). ಹುಡುಗ ಹಿಂದೆ ಬಿದ್ದಿದ್ದರೆ ದೂರೋಕೆ ಒಬ್ಬ ಮೇಷ್ಟ್ರೂ ಇರಲಿಲ್ಲ; ಹೊಣೆಯೆಲ್ಲ ಅಪ್ಪ ಅಮ್ಮನದೇ.

ಆ ಹುಡುಗ ಆಮೇಲೆ ಶಾಲೆ ಸೇರಿ, ಸುರತ್ಕಲ್‌ನಲ್ಲಿ ನಮ್ಮ ಹಾಗೇ ಇಂಜಿನಿಯರಿಂಗ್ ಮುಗಿಸಿ, ಕೊನೆಗೆ ಅದನ್ನೂ ಬಿಟ್ಟು ನಾಗರಹೊಳೆಯಲ್ಲಿ ಹುಲಿಗಳ ಹಿಂದೆ ಹೋದರು. ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆ ಗುರುತಿಸಿ ಹುಲಿ ಲೆಕ್ಕ ಹಾಕೋದನ್ನ ಇಲ್ಲಿ ಬೆಳೆಸಿದ್ದು ಅವರೇ.

ಕಾರಂತರು 1997ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಬಾಲವನ ಈಗಲೂ ಇದೆ. ಸುರತ್ಕಲ್‌ಗೆ ಫೆಸ್ಟ್‌ಗೆ ಹೋದವರು ಪುತ್ತೂರು ಬಸ್ಸನ್ನೂ ಹತ್ತಿ ಬನ್ನಿ.