ಸಂತ ಚಾವರರು: ಅಕ್ಷರದಿಂದ ನ್ಯಾಯದೆಡೆಗೆ

ಕೇರಳದ ಕೈನಕರಿ ಗ್ರಾಮದಲ್ಲಿ 1805ರಲ್ಲಿ ಜನಿಸಿದ ಸಂತ ಕುರಿಯಾಕೋಸ್ ಏಲಿಯಾಸ್ ಚಾವರರವರು 1829ರಲ್ಲಿ ಗುರುದೀಕ್ಷೆ ಪಡೆದರು. 1831ರಲ್ಲಿ ಇಬ್ಬರು ಹಿರಿಯ ಗುರುಗಳೊಡನೆ ಮಾನ್ನಾನಂನಲ್ಲಿ ಸಂನ್ಯಾಸಿ ಸಭೆಯೊಂದನ್ನು ಸ್ಥಾಪಿಸಿದರು. ಅದೇ ಮುಂದೆ ಸಿ.ಎಂ.ಐ. ಸಭೆಯೆಂದು ಪ್ರಸಿದ್ಧವಾಯಿತು.

ಜಾತಿಯ ಕಾರಣದಿಂದ ಅನೇಕರಿಗೆ ಅಕ್ಷರವೇ ನಿಷಿದ್ಧವಾಗಿದ್ದ ಕಾಲವದು. ಓದಲಾರದವನು ತನ್ನ ಹೊಲದ ಪತ್ರವನ್ನೂ ಅರಿಯಲಾರ. ಅನ್ಯಾಯವಾದರೆ ಕೇಳಲೂ ಆರ. ಅಂಥ ದಿನಗಳಲ್ಲಿ, 1846ರಲ್ಲಿ, ಚಾವರರು ಮಾನ್ನಾನಂನಲ್ಲಿ ಸಂಸ್ಕೃತ ಶಾಲೆಯನ್ನು ತೆರೆದರು; ಅಲ್ಲಿ ಮುದ್ರಣಾಲಯವನ್ನೂ ಸ್ಥಾಪಿಸಿದರು. ವಿಕಾರ್ ಜನರಲರಾದ ಮೇಲೆ, ಪ್ರತಿ ದೇವಾಲಯದ ಬಳಿ ಶಾಲೆಯೊಂದು ಇರಲೇಬೇಕೆಂದು ಆಜ್ಞಾಪಿಸಿದರು. ಬಡ ಮಕ್ಕಳ ಮಧ್ಯಾಹ್ನದ ಊಟಕ್ಕೂ ಏರ್ಪಾಡು ಮಾಡಿಸಿದರು. 1871ರ ಜನವರಿ 3ರಂದು ಕೂನಮ್ಮಾವಿನಲ್ಲಿ ದೈವಾಧೀನರಾದ ಅವರನ್ನು ಪೋಪ್ ಫ್ರಾನ್ಸಿಸರು 2014ರಲ್ಲಿ ಸಂತರ ಸಾಲಿಗೆ ಸೇರಿಸಿದರು.

ಚಾವರರ ಸಭೆಯವರು 1969ರಲ್ಲಿ ಬೆಂಗಳೂರಿನಲ್ಲಿ ಕ್ರೈಸ್ಟ್ ಕಾಲೇಜನ್ನು ಆರಂಭಿಸಿದರು. 2006ರಲ್ಲಿ ಅಲ್ಲಿ ಕಾನೂನು ಶಾಲೆ ಹುಟ್ಟಿತು. 2008ರಲ್ಲಿ ಕಾಲೇಜು ವಿಶ್ವವಿದ್ಯಾಲಯದ ಸ್ಥಾನ ಪಡೆಯಿತು. ಅಕ್ಷರವಿಲ್ಲದವನಿಗೆ ಅಕ್ಷರ ಕೊಟ್ಟ ಕಾರ್ಯವೇ ನ್ಯಾಯ ಬೇಡುವವನ ಪರವಾಗಿ ಮಾತನಾಡಬಲ್ಲವರನ್ನು ರೂಪಿಸುವ ಮಟ್ಟಕ್ಕೆ ಬೆಳೆಯಿತು.

ಮುದಗಲ್ಲಿನ ರೈತನ ಮಗಳು ನಾಳೆ ವಕೀಲಳಾಗಿ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ, ಮೊದಲ ಮೆಟ್ಟಿಲು ಊರಿನ ಶಾಲೆಯೇ. ಆ ಮೆಟ್ಟಿಲನ್ನು ತಪ್ಪದೆ ಹತ್ತಿಸುವುದು ಹೆತ್ತವರ ಹೊಣೆ; ಸಂತರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವವೂ ಅದೇ.