ಓಸ್ವಾಲ್ಡೊ ಕ್ರೂಜ್

ಓಸ್ವಾಲ್ಡೊ ಗೊನ್ಸಾಲ್ವೆಸ್ ಕ್ರೂಜ್ (5 ಆಗಸ್ಟ್ 1872 – 11 ಫೆಬ್ರವರಿ 1917) ಬ್ರೆಜಿಲ್ ದೇಶದ ವೈದ್ಯ, ಸೂಕ್ಷ್ಮಜೀವಿ ವಿಜ್ಞಾನಿ ಮತ್ತು ಸಾರ್ವಜನಿಕ ಆರೋಗ್ಯ ಆಡಳಿತಗಾರ. 20ನೆಯ ಶತಮಾನದ ಮೊದಲ ದಶಕದಲ್ಲಿ ಆಗಿನ ರಾಜಧಾನಿ ರಿಯೊ ಡಿ ಜನೈರೊದಲ್ಲಿ ಹಳದಿ ಜ್ವರ, ಪ್ಲೇಗ್ ಮತ್ತು ಸಿಡುಬು ರೋಗಗಳ ವಿರುದ್ಧ ನಡೆದ ಹೋರಾಟದ ನೇತೃತ್ವವನ್ನು ಇವರು ವಹಿಸಿದ್ದರು. ಇವರ ಸಲಹೆಯ ಮೇರೆಗೆ 1904ರಲ್ಲಿ ಜಾರಿಗೆ ಬಂದ ಕಡ್ಡಾಯ ಲಸಿಕೆ ಕಾನೂನು 'ಲಸಿಕೆ ದಂಗೆ' ಎಂದು ಹೆಸರಾದ ಜನಕ್ಷೋಭೆಗೆ ಕಾರಣವಾಯಿತು. ರೋಗ ನಿಯಂತ್ರಣಕ್ಕಾಗಿ ಸರ್ಕಾರವು ಪ್ರಜೆಗಳ ಮನೆ ಮತ್ತು ದೇಹದ ಮೇಲೆ ಎಷ್ಟರಮಟ್ಟಿಗೆ ಅಧಿಕಾರ ಚಲಾಯಿಸಬಹುದು ಎಂಬ ಚರ್ಚೆಯಲ್ಲಿ ಈ ಘಟನೆಯನ್ನು ಇಂದಿಗೂ ಉದಾಹರಿಸಲಾಗುತ್ತದೆ.

ಜನನ ಮತ್ತು ಶಿಕ್ಷಣ

ಓಸ್ವಾಲ್ಡೊ ಕ್ರೂಜ್ ಅವರು ಸಾವೊ ಪೌಲೊ ಪ್ರಾಂತ್ಯದ ಸಾವೊ ಲೂಯಿಸ್ ದೊ ಪರೈತಿಂಗ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ತಂದೆ ಬೆಂಟೊ ಗೊನ್ಸಾಲ್ವೆಸ್ ಕ್ರೂಜ್ ವೈದ್ಯರಾಗಿದ್ದರು. 1877ರಲ್ಲಿ ಕುಟುಂಬವು ರಿಯೊ ಡಿ ಜನೈರೊಗೆ ಬಂದು ನೆಲೆಸಿತು. ಹದಿನೈದನೆಯ ವಯಸ್ಸಿನಲ್ಲಿಯೇ ಅಲ್ಲಿನ ವೈದ್ಯಕೀಯ ವಿದ್ಯಾಲಯವನ್ನು ಸೇರಿದ ಕ್ರೂಜ್ 1892ರಲ್ಲಿ ಪದವಿ ಪಡೆದರು. ನೀರಿನ ಮೂಲಕ ಸೂಕ್ಷ್ಮಜೀವಿಗಳು ಹರಡುವ ಬಗೆಯನ್ನು ಕುರಿತು ಅವರು ಪ್ರಬಂಧ ಸಲ್ಲಿಸಿದ್ದರು. ಅದೇ ವರ್ಷ ತಂದೆ ತೀರಿಕೊಂಡರು. ಮರುವರ್ಷ ಎಮಿಲಿಯಾ ಡ ಫೊನ್ಸೆಕ ಅವರನ್ನು ವಿವಾಹವಾದರು. ದಂಪತಿಗಳಿಗೆ ಆರು ಮಂದಿ ಮಕ್ಕಳು.

1896ರಲ್ಲಿ ಉನ್ನತ ಅಧ್ಯಯನಕ್ಕಾಗಿ ಪ್ಯಾರಿಸ್‌ಗೆ ತೆರಳಿ, ಪಾಶ್ಚರ್ ಸಂಸ್ಥೆಯಲ್ಲಿ ಎಮಿಲ್ ರೂ ಅವರ ಮಾರ್ಗದರ್ಶನದಲ್ಲಿ ಸೂಕ್ಷ್ಮಜೀವಿ ವಿಜ್ಞಾನವನ್ನು ಅಭ್ಯಾಸ ಮಾಡಿದರು. ರೋಗಗಳಿಗೆ ಕೆಟ್ಟ ಗಾಳಿಯೇ ಕಾರಣವೆಂಬ ಹಳೆಯ ನಂಬಿಕೆಯನ್ನು ಬಿಟ್ಟು, ಪ್ರತಿಯೊಂದು ರೋಗಕ್ಕೂ ನಿರ್ದಿಷ್ಟ ಜೀವಿಯನ್ನೂ ಅದು ಹರಡುವ ಮಾರ್ಗವನ್ನೂ ಹುಡುಕುವ ಹೊಸ ಪದ್ಧತಿ ಅಲ್ಲಿ ಬೆಳೆಯುತ್ತಿತ್ತು. ಕ್ರೂಜ್ ಅವರ ಮುಂದಿನ ಕಾರ್ಯಗಳೆಲ್ಲಕ್ಕೂ ಈ ಪದ್ಧತಿಯೇ ತಳಹದಿಯಾಯಿತು.

ಪ್ಲೇಗ್ ಮತ್ತು ಮಾಂಗಿನ್ಯೋಸ್ ಸಂಸ್ಥೆ

ಕ್ರೂಜ್ ಸ್ವದೇಶಕ್ಕೆ ಮರಳಿದ 1899ರಲ್ಲಿಯೇ ಸಾಂಟೋಸ್ ಬಂದರಿನಲ್ಲಿ ಪ್ಲೇಗ್ ಕಾಣಿಸಿಕೊಂಡಿತು. 1894ರಲ್ಲಿ ಹಾಂಗ್‌ಕಾಂಗ್ ಅನ್ನೂ, 1896ರಲ್ಲಿ ಮುಂಬಯಿಯನ್ನೂ, 1898ರಲ್ಲಿ ಬೆಂಗಳೂರನ್ನೂ ತಟ್ಟಿದ ಜಾಗತಿಕ ಪ್ಲೇಗ್ ಅಲೆಯೇ ಹಡಗುಗಳ ಮೂಲಕ ದಕ್ಷಿಣ ಅಮೆರಿಕಕ್ಕೂ ತಲುಪಿತ್ತು. ಕ್ರೂಜ್ ಅವರು ಅಡಾಲ್ಫೊ ಲುಟ್ಜ್ ಮತ್ತು ವಿಟಾಲ್ ಬ್ರೆಜಿಲ್ ಎಂಬ ವಿಜ್ಞಾನಿಗಳೊಂದಿಗೆ ಅಲ್ಲಿಗೆ ತೆರಳಿ ರೋಗವು ಪ್ಲೇಗ್ ಎಂಬುದನ್ನು ಖಚಿತಪಡಿಸಿದರು. ಅದರ ಚಿಕಿತ್ಸೆಗೆ ಬೇಕಾದ ಸೀರಂ ಯೂರೋಪಿನಿಂದ ಬರಬೇಕಾಗಿದ್ದುದರಿಂದ, ಅದನ್ನು ದೇಶದಲ್ಲಿಯೇ ತಯಾರಿಸುವ ಉದ್ದೇಶದಿಂದ 1900ರ ಮೇ ತಿಂಗಳಲ್ಲಿ ರಿಯೊ ನಗರದ ಹೊರವಲಯದ ಮಾಂಗಿನ್ಯೋಸ್ ಎಂಬಲ್ಲಿ ಸೀರಂ ಚಿಕಿತ್ಸಾ ಸಂಸ್ಥೆಯನ್ನು ಸ್ಥಾಪಿಸಲಾಯಿತು. ಅದರ ತಾಂತ್ರಿಕ ನಿರ್ದೇಶಕರಾಗಿ ಸೇರಿದ ಕ್ರೂಜ್ 1902ರಲ್ಲಿ ಪೂರ್ಣ ಹೊಣೆ ವಹಿಸಿಕೊಂಡರು.

ಸಾರ್ವಜನಿಕ ಆರೋಗ್ಯ ಮಹಾನಿರ್ದೇಶಕ

ಆ ಕಾಲದ ರಿಯೊ ನಗರವು ವಿದೇಶಿ ನಾವಿಕರಲ್ಲಿ ಭಯ ಹುಟ್ಟಿಸುವಂತಿತ್ತು. 1895ರಲ್ಲಿ ಬಂದರಿಗೆ ಬಂದ ಲೊಂಬಾರ್ಡಿಯಾ ಎಂಬ ಇಟಲಿಯ ಯುದ್ಧನೌಕೆಯ ಇನ್ನೂರಕ್ಕೂ ಹೆಚ್ಚು ಸಿಬ್ಬಂದಿ ಹಳದಿ ಜ್ವರದಿಂದ ಮರಣ ಹೊಂದಿದ್ದರು. 1902ರಲ್ಲಿ ಅಧ್ಯಕ್ಷರಾದ ರೊಡ್ರಿಗೆಸ್ ಆಲ್ವೆಸ್ ಅವರು ರಾಜಧಾನಿಯ ನವೀಕರಣವನ್ನೂ ನೈರ್ಮಲ್ಯವನ್ನೂ ತಮ್ಮ ಮುಖ್ಯ ಕಾರ್ಯಕ್ರಮವನ್ನಾಗಿ ಮಾಡಿಕೊಂಡರು. ನಗರದ ಮರುನಿರ್ಮಾಣವನ್ನು ಮೇಯರ್ ಪೆರೇರಾ ಪಾಸೋಸ್ ಅವರಿಗೂ, ರೋಗ ನಿಯಂತ್ರಣವನ್ನು 1903ರ ಮಾರ್ಚ್‌ನಲ್ಲಿ ಕ್ರೂಜ್ ಅವರಿಗೂ ವಹಿಸಿದರು. ಆಗ ಕ್ರೂಜ್ ಅವರ ವಯಸ್ಸು ಮೂವತ್ತು.

ಹಳದಿ ಜ್ವರವು ಸೊಳ್ಳೆಯಿಂದ ಹರಡುತ್ತದೆ ಎಂದು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೇ 1881ರಲ್ಲಿ ಪ್ರತಿಪಾದಿಸಿದ್ದರು. 1900ರಲ್ಲಿ ವಾಲ್ಟರ್ ರೀಡ್ ನೇತೃತ್ವದ ಅಮೆರಿಕದ ತಂಡವು ಹವಾನಾದಲ್ಲಿ ಇದನ್ನು ದೃಢಪಡಿಸಿತ್ತು. ಆದರೂ ಬ್ರೆಜಿಲ್‌ನ ಅನೇಕ ವೈದ್ಯರು ಇದನ್ನು ಒಪ್ಪಿರಲಿಲ್ಲ. ಕ್ರೂಜ್ ಅವರು ನಗರವನ್ನು ವಿಭಾಗಗಳಾಗಿ ವಿಂಗಡಿಸಿ ಸೊಳ್ಳೆ ನಿರ್ಮೂಲನ ದಳಗಳನ್ನು ರಚಿಸಿದರು. ದಳದವರು ಮನೆಗಳನ್ನು ಪ್ರವೇಶಿಸಿ ನೀರಿನ ತೊಟ್ಟಿಗಳನ್ನು ಪರಿಶೀಲಿಸುತ್ತಿದ್ದರು, ಚರಂಡಿಗಳನ್ನು ಶುಚಿಗೊಳಿಸುತ್ತಿದ್ದರು ಮತ್ತು ರೋಗಿಗಳಿದ್ದ ಮನೆಗಳಲ್ಲಿ ಗಂಧಕದ ಹೊಗೆ ಹಾಕುತ್ತಿದ್ದರು. ರೋಗಿಗಳ ವಿವರವನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯವಾಯಿತು. ಮನೆಯಲ್ಲಿ ಪ್ರತ್ಯೇಕವಾಗಿರಿಸಲು ಅನುಕೂಲವಿಲ್ಲದ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸಲಾಗುತ್ತಿತ್ತು. ಇದರಿಂದಾಗಿ ಸ್ಥಿತಿವಂತರು ತಮ್ಮ ಮನೆಯಲ್ಲಿಯೇ ಉಳಿದರೆ, ಒಂದೇ ಕೋಣೆಯಲ್ಲಿ ವಾಸಿಸುವ ಬಡವರು ಕುಟುಂಬವನ್ನು ಅಗಲಬೇಕಾಗುತ್ತಿತ್ತು. 1904ರ ಆರಂಭದಲ್ಲಿ ಆರೋಗ್ಯ ನಿಯಮಗಳ ಉಲ್ಲಂಘನೆಯನ್ನು ವಿಚಾರಿಸಲು ವಿಶೇಷ ನ್ಯಾಯಾಲಯವೂ ಸ್ಥಾಪನೆಯಾಯಿತು.

ಪ್ಲೇಗ್ ನಿಯಂತ್ರಣಕ್ಕಾಗಿ ಇಲಿಗಳನ್ನು ಹಣ ಕೊಟ್ಟು ಖರೀದಿಸುವ ಯೋಜನೆ ಜಾರಿಗೆ ಬಂದಿತು. ಹಣದ ಆಸೆಗೆ ಕೆಲವರು ಇಲಿಗಳನ್ನು ಸಾಕತೊಡಗಿದರು. ಪತ್ರಿಕೆಗಳು ಇದನ್ನು ಲೇವಡಿ ಮಾಡಿದವು. ವ್ಯಂಗ್ಯಚಿತ್ರಕಾರರಿಗೆ ಕ್ರೂಜ್ ನಿತ್ಯದ ವಸ್ತುವಾದರು. ತಮ್ಮನ್ನು ಹಾಸ್ಯ ಮಾಡಿದ ಚಿತ್ರಗಳನ್ನು ಅವರು ಕತ್ತರಿಸಿ ಸಂಗ್ರಹಿಸಿಡುತ್ತಿದ್ದರು.

ಟೀಕೆಗಳ ನಡುವೆಯೂ ಫಲಿತಾಂಶ ಸ್ಪಷ್ಟವಾಗಿತ್ತು. 1902ರಲ್ಲಿ ರಿಯೊದಲ್ಲಿ ಹಳದಿ ಜ್ವರದಿಂದ ಸುಮಾರು ಒಂದು ಸಾವಿರ ಮಂದಿ ಮರಣ ಹೊಂದಿದ್ದರು. 1909ರ ವೇಳೆಗೆ ನಗರದಲ್ಲಿ ಆ ರೋಗದ ಸಾವುಗಳೇ ನಿಂತುಹೋದವು.

ಕಡ್ಡಾಯ ಲಸಿಕೆ ಕಾನೂನು

ಸಿಡುಬಿನ ಸ್ಥಿತಿ ಬೇರೆಯಾಗಿತ್ತು. ಎಡ್ವರ್ಡ್ ಜೆನ್ನರ್ 1796ರಲ್ಲಿ ಕಂಡುಹಿಡಿದ ಲಸಿಕೆಯು ಒಂದು ಶತಮಾನದಿಂದ ಲಭ್ಯವಿತ್ತು. ಬ್ರೆಜಿಲ್‌ನಲ್ಲಿ 19ನೆಯ ಶತಮಾನದಲ್ಲಿಯೇ ದೇವಿ ಹಾಕಿಸುವುದನ್ನು ಕಡ್ಡಾಯಗೊಳಿಸುವ ನಿಯಮಗಳಿದ್ದರೂ ಅವು ಕಾಗದದ ಮೇಲೆಯೇ ಉಳಿದಿದ್ದವು. 1904ರಲ್ಲಿ ರಿಯೊದಲ್ಲಿ ಸಿಡುಬು ಉಲ್ಬಣಿಸಿ ವರ್ಷಾಂತ್ಯದ ವೇಳೆಗೆ ಸುಮಾರು 3,500 ಮಂದಿ ಬಲಿಯಾದರು. ದೇಶದಾದ್ಯಂತ ಲಸಿಕೆಯನ್ನೂ ಮರುಲಸಿಕೆಯನ್ನೂ ಕಡ್ಡಾಯಗೊಳಿಸುವ ಮಸೂದೆಯನ್ನು ಆ ವರ್ಷದ ಜೂನ್ ಅಂತ್ಯದಲ್ಲಿ ಸೆನೆಟ್‌ನಲ್ಲಿ ಮಂಡಿಸಲಾಯಿತು.

ಮಸೂದೆಯ ಮೇಲಿನ ಚರ್ಚೆಯೇ ಲಸಿಕೆಗೆ ಅಡ್ಡಿಯಾಯಿತು. ಜುಲೈನಲ್ಲಿ ನಗರದ ಸುಮಾರು 23 ಸಾವಿರ ಮಂದಿ ಸ್ವಇಚ್ಛೆಯಿಂದ ಲಸಿಕೆ ಹಾಕಿಸಿಕೊಂಡಿದ್ದರು. ವಿರೋಧ ತೀವ್ರಗೊಂಡ ಆಗಸ್ಟ್‌ನಲ್ಲಿ ಆ ಸಂಖ್ಯೆ ಸುಮಾರು ಆರು ಸಾವಿರಕ್ಕೆ ಕುಸಿಯಿತು.

ವಿರೋಧಿಗಳ ವಾದಗಳು ಒಂದೇ ಬಗೆಯವಾಗಿರಲಿಲ್ಲ. ಹೆಸರಾಂತ ನ್ಯಾಯವಾದಿ ಮತ್ತು ಸೆನೆಟರ್ ರೂಯಿ ಬಾರ್ಬೊಸಾ ಅವರು ವ್ಯಕ್ತಿಯ ದೇಹದೊಳಕ್ಕೆ ಬಲವಂತವಾಗಿ ವಸ್ತುವೊಂದನ್ನು ಸೇರಿಸುವ ಹಕ್ಕು ಸರ್ಕಾರಕ್ಕಿಲ್ಲವೆಂದು ವಾದಿಸಿದರು. ಪ್ರತ್ಯಕ್ಷವಾದಿ ಪಂಥದವರು ವಿಜ್ಞಾನದ ಯಾವುದೇ ಸಿದ್ಧಾಂತವನ್ನು ಸರ್ಕಾರವು ಪ್ರಜೆಗಳ ಮೇಲೆ ಹೇರಬಾರದೆಂದರು. ಲಸಿಕೆಯಿಂದ ಬೇರೆ ರೋಗಗಳು ಅಂಟುತ್ತವೆ ಎಂಬ ಭಯವೂ ಹರಡಿತ್ತು. ಮನೆಯ ಗಂಡಸರು ಕೆಲಸಕ್ಕೆ ಹೋಗಿರುವಾಗ ಅಪರಿಚಿತರು ಒಳಗೆ ಬಂದು ಹೆಂಗಸರ ತೋಳು ತೊಡೆಗಳನ್ನು ಮುಟ್ಟುವರೆಂಬ ಪ್ರಚಾರವು ಮರ್ಯಾದೆಯ ಪ್ರಶ್ನೆಯನ್ನು ಎಬ್ಬಿಸಿತು. ಆಫ್ರಿಕಾ ಮೂಲದ ಜನರಲ್ಲಿ ಸಿಡುಬಿಗೆ ಒಮೊಲು ಎಂಬ ದೈವವಿದ್ದು, ರೋಗವನ್ನು ಎದುರಿಸುವ ಅವರದೇ ಆಚರಣೆಗಳಿದ್ದವು. ಕರ್ನಾಟಕದಲ್ಲಿ ಸಿಡುಬನ್ನು 'ಅಮ್ಮ' ಎಂದು ಪೂಜಿಸುತ್ತಿದ್ದುದನ್ನು ಇದಕ್ಕೆ ಹೋಲಿಸಬಹುದು.

ಕಾನೂನು 1904ರ ಅಕ್ಟೋಬರ್ 31ರಂದು ಅಂಗೀಕಾರವಾಯಿತು. ನವೆಂಬರ್ ಮೊದಲ ವಾರದಲ್ಲಿ ಕಡ್ಡಾಯ ಲಸಿಕೆ ವಿರೋಧಿ ಸಂಘವು ಸ್ಥಾಪನೆಯಾಯಿತು. ಸೆನೆಟರ್ ಲಾವ್ರೊ ಸೊದ್ರೆ ಮತ್ತು ಕಾರ್ಮಿಕ ಮುಖಂಡ ವಿಸೆಂಟೆ ಡಿ ಸೋಜ ಅದರ ಪ್ರಮುಖರಾಗಿದ್ದರು. ಕಾನೂನಿನ ಜಾರಿಗಾಗಿ ಕ್ರೂಜ್ ಸಿದ್ಧಪಡಿಸಿದ ನಿಯಮಾವಳಿಯ ಕರಡು ನವೆಂಬರ್ 9ರಂದು ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಶಾಲೆಗೆ ಸೇರಲು, ಉದ್ಯೋಗ ಪಡೆಯಲು, ಪ್ರಯಾಣ ಮಾಡಲು, ವಸತಿಗೃಹದಲ್ಲಿ ತಂಗಲು, ವಿವಾಹವಾಗಲು ಸಹ ಲಸಿಕೆಯ ಪ್ರಮಾಣಪತ್ರ ಬೇಕೆಂದು ಅದರಲ್ಲಿತ್ತು.

ಲಸಿಕೆ ದಂಗೆ

ಮರುದಿನ, ನವೆಂಬರ್ 10ರಂದು, ನಗರದ ಕೇಂದ್ರಭಾಗದಲ್ಲಿ ಜನರು ಪೊಲೀಸರೊಂದಿಗೆ ಘರ್ಷಣೆಗಿಳಿದರು. ಮುಂದಿನ ದಿನಗಳಲ್ಲಿ ಟ್ರಾಮ್‌ಗಳನ್ನು ಉರುಳಿಸಿ ಸುಡಲಾಯಿತು, ಬೀದಿದೀಪಗಳನ್ನು ಒಡೆಯಲಾಯಿತು, ರಸ್ತೆಗಳಿಗೆ ತಡೆಗೋಡೆಗಳನ್ನು ನಿರ್ಮಿಸಲಾಯಿತು. ಬಂದರು ಕಾರ್ಮಿಕರು ವಾಸಿಸುತ್ತಿದ್ದ ಸೌದೆ ಬಡಾವಣೆಯಲ್ಲಿ ಪ್ರತಿರೋಧ ಪ್ರಬಲವಾಗಿತ್ತು. ನವೆಂಬರ್ 14ರಂದು ಪ್ರಾಯಾ ವೆರ್ಮೆಲ್ಯಾ ಸೈನಿಕ ಶಾಲೆಯ ವಿದ್ಯಾರ್ಥಿಗಳು ಸರ್ಕಾರವನ್ನು ಉರುಳಿಸುವ ಉದ್ದೇಶದಿಂದ ಹೊರಟರು. ಸರ್ಕಾರಿ ಪಡೆಗಳು ಅವರನ್ನು ತಡೆದವು. ಜನರ ಅಸಮಾಧಾನವನ್ನು ಅಧ್ಯಕ್ಷರ ರಾಜಕೀಯ ವಿರೋಧಿಗಳು ತಮ್ಮ ಸಂಚಿಗೆ ಬಳಸಿಕೊಂಡಿದ್ದರು.

ನವೆಂಬರ್ 16ರಂದು ಸರ್ಕಾರವು ತುರ್ತುಸ್ಥಿತಿಯನ್ನು ಘೋಷಿಸಿ, ಅದರೊಂದಿಗೇ ಲಸಿಕೆಯ ಕಡ್ಡಾಯವನ್ನು ಕೈಬಿಟ್ಟಿತು. ದಂಗೆಯಲ್ಲಿ 30 ಮಂದಿ ಮೃತಪಟ್ಟು, 110 ಮಂದಿ ಗಾಯಗೊಂಡರು ಎಂದು ಸಾಮಾನ್ಯವಾಗಿ ಲೆಕ್ಕ ಹಾಕಲಾಗಿದೆ. 945 ಮಂದಿಯನ್ನು ಬಂಧಿಸಲಾಯಿತು. ಅವರಲ್ಲಿ 461 ಮಂದಿಯನ್ನು ಅಮೆಜಾನ್ ಪ್ರದೇಶದ ಆಕ್ರೆಗೆ ಗಡೀಪಾರು ಮಾಡಲಾಯಿತು. ಬಡ ಬಂಧಿತರಿಗೆ ವಿಚಾರಣೆಯೂ ದೊರೆಯಲಿಲ್ಲ. ಸೈನಿಕ ಬಂಡಾಯದ ಮುಖಂಡರಿಗೆ ಮಾತ್ರ 1905ರಲ್ಲಿ ಕ್ಷಮಾದಾನ ಲಭಿಸಿತು. ಕ್ರೂಜ್ ಅವರನ್ನು ವಜಾಗೊಳಿಸಬೇಕೆಂಬ ಒತ್ತಡಕ್ಕೆ ಅಧ್ಯಕ್ಷರು ಮಣಿಯಲಿಲ್ಲ.

ಕಡ್ಡಾಯ ಹೋದ ಮೇಲೆ ಲಸಿಕೆ ಹಾಕಿಸಿಕೊಳ್ಳುವವರ ಸಂಖ್ಯೆ ಇಳಿಯಿತು. 1908ರಲ್ಲಿ ಸಿಡುಬು ಮರಳಿ ಬಂದು ರಿಯೊ ನಗರದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡಿತು. ಆಗ ಜನರು ತಾವಾಗಿಯೇ ಲಸಿಕೆ ಕೇಂದ್ರಗಳಿಗೆ ಬಂದರು.

ನಂತರದ ಕಾರ್ಯಗಳು

1907ರಲ್ಲಿ ಬರ್ಲಿನ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನದಲ್ಲಿ ರಿಯೊ ನಗರದ ಕಾರ್ಯಕ್ಕಾಗಿ ಚಿನ್ನದ ಪದಕ ದೊರೆಯಿತು. ಅಲ್ಲಿಯವರೆಗೆ ಟೀಕಿಸಿದ್ದ ಪತ್ರಿಕೆಗಳ ಧೋರಣೆ ಬದಲಾಯಿತು. 1908ರಲ್ಲಿ ಮಾಂಗಿನ್ಯೋಸ್ ಸಂಸ್ಥೆಗೆ ಓಸ್ವಾಲ್ಡೊ ಕ್ರೂಜ್ ಸಂಸ್ಥೆ ಎಂಬ ಹೆಸರಾಯಿತು. 1909ರಲ್ಲಿ ಅವರ ಸಹೋದ್ಯೋಗಿ ಕಾರ್ಲೋಸ್ ಚಾಗಾಸ್ ಹೊಸ ರೋಗವೊಂದನ್ನು ಗುರುತಿಸಿ, ಅದಕ್ಕೆ ಕಾರಣವಾದ ಪರೋಪಜೀವಿಗೆ ಕ್ರೂಜ್ ಅವರ ಗೌರವಾರ್ಥ ಟ್ರಿಪನೊಸೋಮ ಕ್ರೂಜಿ ಎಂದು ಹೆಸರಿಟ್ಟರು. ಆ ರೋಗವು ಚಾಗಾಸ್ ರೋಗವೆಂದು ಪ್ರಸಿದ್ಧವಾಗಿದೆ.

ಅದೇ ವರ್ಷ ಮಹಾನಿರ್ದೇಶಕ ಹುದ್ದೆಯನ್ನು ತೊರೆದ ಕ್ರೂಜ್ ಸಂಶೋಧನೆಗೆ ಮರಳಿದರು. 1910ರಲ್ಲಿ ಅಮೆಜಾನ್ ಕಾಡಿನ ಮಡೈರಾ-ಮಮೊರೆ ರೈಲುಮಾರ್ಗದ ಕಾರ್ಮಿಕರನ್ನು ಪೀಡಿಸುತ್ತಿದ್ದ ಮಲೇರಿಯಾವನ್ನು ಅಧ್ಯಯನ ಮಾಡಿ, ಕ್ವಿನೈನ್ ಸೇವನೆ ಮತ್ತು ಸೊಳ್ಳೆಪರದೆಗಳ ಬಳಕೆಯನ್ನು ಶಿಫಾರಸು ಮಾಡಿದರು. ಬಳಿಕ ಬೆಲೆಮ್ ನಗರದಲ್ಲಿ ಹಳದಿ ಜ್ವರ ನಿರ್ಮೂಲನೆಯ ಕಾರ್ಯವನ್ನು ಮುನ್ನಡೆಸಿದರು. 1913ರಲ್ಲಿ ಬ್ರೆಜಿಲ್ ಸಾಹಿತ್ಯ ಅಕಾಡೆಮಿಯ ಸದಸ್ಯತ್ವವನ್ನು ಸ್ವೀಕರಿಸಿದರು.

ನಿಧನ

ಮೂತ್ರಪಿಂಡದ ಕಾಯಿಲೆಯಿಂದ ಬಳಲುತ್ತಿದ್ದ ಕ್ರೂಜ್ ತಂಪು ಹವೆಯ ಪೆಟ್ರೊಪೊಲಿಸ್ ಪಟ್ಟಣದಲ್ಲಿ ನೆಲೆಸಿದರು. 1916ರ ಆಗಸ್ಟ್‌ನಲ್ಲಿ ಆ ಪಟ್ಟಣದ ಮೇಯರ್ ಆಗಿ ನೇಮಕಗೊಂಡರೂ ಅನಾರೋಗ್ಯದಿಂದ ಹೆಚ್ಚು ಕಾಲ ಕಾರ್ಯ ನಿರ್ವಹಿಸಲಾಗಲಿಲ್ಲ. 1917ರ ಫೆಬ್ರವರಿ 11ರಂದು, ತಮ್ಮ 44ನೆಯ ವಯಸ್ಸಿನಲ್ಲಿ ನಿಧನರಾದರು.

ಚಾರಿತ್ರಿಕ ಮೌಲ್ಯಮಾಪನ

ದಂಗೆಯನ್ನು ಅಜ್ಞಾನಿ ಜನಸಮೂಹವು ವಿಜ್ಞಾನದ ವಿರುದ್ಧ ನಡೆಸಿದ ಗಲಭೆಯೆಂದು ಬಹುಕಾಲ ಚಿತ್ರಿಸಲಾಗುತ್ತಿತ್ತು. 1980ರ ದಶಕದಿಂದ ಈ ದೃಷ್ಟಿ ಬದಲಾಗಿದೆ. ರಿಯೊ ಕೇಂದ್ರದಲ್ಲಿ ವಿಶಾಲ ರಸ್ತೆಗಳಿಗಾಗಿ ನೂರಾರು ಕಟ್ಟಡಗಳನ್ನು ಕೆಡವಿ ಬಡವರನ್ನು ಬೆಟ್ಟಗಳಿಗೂ ಹೊರವಲಯಕ್ಕೂ ಅಟ್ಟಿದ್ದೇ ಆಕ್ರೋಶದ ಮೂಲವೆಂದು ಇತಿಹಾಸಕಾರ ನಿಕೊಲಾವ್ ಸೆವ್ಚೆಂಕೊ ಪ್ರತಿಪಾದಿಸಿದರು. ಮನೆಯ ಪಾವಿತ್ರ್ಯದಲ್ಲಿ ಸರ್ಕಾರದ ಹಸ್ತಕ್ಷೇಪವೇ ವಿವಿಧ ವರ್ಗಗಳನ್ನು ಒಂದುಗೂಡಿಸಿತೆಂದು ಜೋಸೆ ಮುರಿಲೊ ಡಿ ಕಾರ್ವಾಲ್ಯೊ ಅಭಿಪ್ರಾಯಪಟ್ಟರು. ಸಿಡ್ನಿ ಶಾಲೂಬ್ ಅವರು ಲಸಿಕೆಯ ಬಗೆಗಿನ ಹಳೆಯ ಭಯಗಳಿಗೂ ಆಫ್ರಿಕಾ ಮೂಲದ ನಂಬಿಕೆಗಳಿಗೂ ಮಹತ್ವ ನೀಡಿದರು. ಮನೆ ಕೆಡವಲು ಬಂದವರೂ ಲಸಿಕೆ ಹಾಕಲು ಬಂದವರೂ ಒಂದೇ ಸರ್ಕಾರದ ನೌಕರರಾಗಿದ್ದರು ಎಂಬ ಅಂಶವು ಈ ಅಧ್ಯಯನಗಳಿಂದ ಸ್ಪಷ್ಟವಾಗುತ್ತದೆ. ಅದೇ ವೇಳೆ, ಲಸಿಕೆಯ ಕುರಿತು ಕ್ರೂಜ್ ಅವರ ವೈಜ್ಞಾನಿಕ ನಿಲುವು ಸರಿಯಾಗಿತ್ತೆಂಬುದಕ್ಕೆ 1908ರ ಸಾವುಗಳು ಸಾಕ್ಷಿಯಾಗಿವೆ. ಬ್ರೆಜಿಲ್‌ನಲ್ಲಿ ಸಿಡುಬಿನ ಕೊನೆಯ ಪ್ರಕರಣಗಳು ದಾಖಲಾದದ್ದು 1971ರಲ್ಲಿ. ಲಸಿಕೆಯ ವ್ಯಾಪಕ ಬಳಕೆಯಿಂದಲೇ ಅದು ಸಾಧ್ಯವಾಯಿತು.

ಪರಂಪರೆ

ಕ್ರೂಜ್ ಅವರ ಜನ್ಮದಿನವಾದ ಆಗಸ್ಟ್ 5ನ್ನು ಬ್ರೆಜಿಲ್‌ನಲ್ಲಿ ರಾಷ್ಟ್ರೀಯ ಆರೋಗ್ಯ ದಿನವಾಗಿ ಆಚರಿಸಲಾಗುತ್ತದೆ. 1980ರ ದಶಕದಲ್ಲಿ ಅವರ ಭಾವಚಿತ್ರವಿದ್ದ ನೋಟುಗಳು ಚಲಾವಣೆಯಲ್ಲಿದ್ದವು. ಸಾವೊ ಪೌಲೊ ರಾಜ್ಯದ ಪಟ್ಟಣವೊಂದಕ್ಕೆ ಅವರ ಹೆಸರಿದೆ.

ಮಾಂಗಿನ್ಯೋಸ್ ಸಂಸ್ಥೆಯು ಇಂದು ಫಿಯೊಕ್ರೂಜ್ ಎಂಬ ಸಂಕ್ಷಿಪ್ತ ಹೆಸರಿನ ಓಸ್ವಾಲ್ಡೊ ಕ್ರೂಜ್ ಪ್ರತಿಷ್ಠಾನವಾಗಿ ಬೆಳೆದಿದೆ. ಕೋವಿಡ್-19 ಸಾಂಕ್ರಾಮಿಕದ ಅವಧಿಯಲ್ಲಿ ಇದು ಆಕ್ಸ್‌ಫರ್ಡ್-ಅಸ್ಟ್ರಾಜೆನೆಕಾ ಲಸಿಕೆಯನ್ನು ಬ್ರೆಜಿಲ್‌ನಲ್ಲಿ ತಯಾರಿಸಿತು. ಅದಕ್ಕೂ ಮೊದಲು, 2021ರ ಜನವರಿಯಲ್ಲಿ, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನಲ್ಲಿ ತಯಾರಾದ ಇದೇ ಲಸಿಕೆಯ 20 ಲಕ್ಷ ಡೋಸ್‌ಗಳು ಭಾರತದಿಂದ ಈ ಸಂಸ್ಥೆಗೆ ತಲುಪಿದ್ದವು. ಆ ಅವಧಿಯಲ್ಲಿ ಕಡ್ಡಾಯ ಲಸಿಕೆಯ ಪ್ರಶ್ನೆ ಬ್ರೆಜಿಲ್‌ನಲ್ಲಿ ಮತ್ತೆ ಎದ್ದಿತು. ಲಸಿಕೆ ಪಡೆಯದವರ ಮೇಲೆ ಕಾನೂನಿನ ಮೂಲಕ ಕೆಲವು ನಿರ್ಬಂಧಗಳನ್ನು ವಿಧಿಸಬಹುದು, ಆದರೆ ಯಾರಿಗೂ ಬಲಪ್ರಯೋಗದಿಂದ ಲಸಿಕೆ ಹಾಕುವಂತಿಲ್ಲ ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿತು.