ಮೀಸೆ ಚಿಗುರುವ ಮೊದಲೇ ನಾಯಕ

ನಮ್ಮ ಕೊಂಡ್ಲಹಳ್ಳಿ ಕಡೆ ಆಟೋ ಹಿಂದೆ, ಯುವಕರ ಸ್ಟೇಟಸ್‌ನಲ್ಲಿ ಮದಕರಿ ನಾಯಕರ ಚಿತ್ರ ಕಾಣದ ದಿನವಿಲ್ಲ. ಮೀಸೆ ತಿರುವಿ ಕತ್ತಿ ಹಿಡಿದ ವೀರ. ಆದರೆ ಗದ್ದುಗೆ ಏರಿದಾಗ ಅವರಿಗೆ ಮೀಸೆಯೇ ಬಂದಿರಲಿಲ್ಲ!

1754ರಲ್ಲಿ ಕಸ್ತೂರಿ ರಂಗಪ್ಪ ನಾಯಕರು ಮಕ್ಕಳಿಲ್ಲದೆ ತೀರಿಕೊಂಡಾಗ, ಕಾಮಗೇತಿ ವಂಶದ ಈ ಹುಡುಗನನ್ನು ಜಾನಕಲ್ಲಿನಿಂದ ಕರೆತಂದು ಚಿತ್ರದುರ್ಗದಲ್ಲಿ ಪಟ್ಟ ಕಟ್ಟಿದರು. ವಯಸ್ಸು ಸುಮಾರು 12. ನಾವು ಏಳನೇ ಕ್ಲಾಸಿನಲ್ಲಿದ್ದ ವಯಸ್ಸು. ಸುತ್ತ ರಾಯದುರ್ಗ, ಹರಪನಹಳ್ಳಿಯ ಪಾಳೆಯಗಾರರ ಪೈಪೋಟಿ. ಒಂದು ಕಡೆ ಮರಾಠರು, ಇನ್ನೊಂದು ಕಡೆ ಹೈದರಾಲಿ. ಒಬ್ಬರ ಕಡೆ ವಾಲಿದರೆ ಮತ್ತೊಬ್ಬರ ಸಿಟ್ಟು. ಹೀಗೆ 25 ವರ್ಷ ಅವರು ದುರ್ಗವನ್ನು ಉಳಿಸಿಕೊಂಡರು.

ಅವರ ಬಲ ಕಲ್ಲಿನ ಕೋಟೆಯಷ್ಟೇ ಅಲ್ಲ, ಕರೆದಾಗ ಬರುತ್ತಿದ್ದ ಬೇಡ ಪಡೆ. ಬೇಡರಲ್ಲೂ ಊರಬೇಡರ ರೂಢಿ ಬೇರೆ, ಮ್ಯಾಸಬೇಡರ ರೂಢಿ ಬೇರೆ. ನಮ್ಮ ಭಾಗದ ಮ್ಯಾಸಬೇಡರ ಹಟ್ಟಿಗಳಲ್ಲಿ ಇಂದಿಗೂ ಯಜಮಾನ, ಪೂಜಾರಿ, ದೇವರ ಎತ್ತು ಕಾಯುವ ಕಿಲಾರಿ ಇದ್ದಾರೆ. ಸಂಪ್ರದಾಯಸ್ಥರು ಕೋಳಿ ಮುಟ್ಟುವುದಿಲ್ಲ. ಆದರೂ ಮದಕರಿ ಎಂದರೆ ಎಲ್ಲರೂ ನಮ್ಮವರು ಎನ್ನುತ್ತಾರೆ. ಆ ವಂಶದ ಅರಸರು ನಡೆದುಕೊಂಡಿದ್ದು ಲಿಂಗಾಯತ ಪರಂಪರೆಯ ಮುರುಘಾ ಮಠಕ್ಕೆ. ಅವರ ನಾಯಕತ್ವ ಒಂದು ಜಾತಿಯ ಬೇಲಿಯೊಳಗೆ ನಿಂತಿರಲಿಲ್ಲ.

1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು. ಮದಕರಿ ನಾಯಕರನ್ನು ಕುಟುಂಬ ಸಮೇತ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಅವರು ಮರಳಿ ಬರಲಿಲ್ಲ. ಸಾವಿರಾರು ಬೇಡರನ್ನೂ ಅಲ್ಲಿಗೆ ಸಾಗಿಸಲಾಯಿತು. ಅವರ ಎಳೆಯ ಹುಡುಗರನ್ನು ಮತಾಂತರಿಸಿ ಹೈದರನ ಸೈನ್ಯದ ಚೇಲಾ ಪಡೆಗೆ ಸೇರಿಸಲಾಯಿತು. ಅರಸನ ಹೆಸರು ಉಳಿಯಿತು, ಆ ಹುಡುಗರ ಹೆಸರು ಯಾರಿಗೂ ಗೊತ್ತಿಲ್ಲ.

ವಿಜಯನಗರದ ಕಾಲದಲ್ಲಿ ‘ನಾಯಕ’ ಎಂಬುದು ಒಂದು ಹುದ್ದೆ. ನಾಡು ಕಾಯಬೇಕು, ಕರೆ ಬಂದರೆ ದಂಡು ಕಟ್ಟಿಕೊಂಡು ಹೋಗಬೇಕು. ದುರ್ಗದ ಮೊದಲ ಅರಸ ಮತ್ತಿ ತಿಮ್ಮಣ್ಣ ನಾಯಕರಿಗೆ ಅಧಿಕಾರ ಸಿಕ್ಕಿದ್ದೂ ಹಾಗೆಯೇ. ಆ ಹುದ್ದೆಯೇ ಮುಂದೆ ಜಾತಿಯ ಹೆಸರಾಯಿತು. 1991ರಲ್ಲಿ ನಾಯಕ, ಬೇಡ, ವಾಲ್ಮೀಕಿ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. ಕೆಲಸದ ಅರ್ಜಿಯ ಜಾತಿ ಕಾಲಂನಲ್ಲಿ ಆ ಪದ ಬರೆಯುವ ನನ್ನಂಥವರಿಗೆ ಅದು ಹಕ್ಕು, ಬಾಗಿಲು ತೆರೆದ ಕೀಲಿ.

ಆದರೆ ಕೆಲಸ ಸಿಕ್ಕ ಮೇಲೆ? ಹೆಸರು ಹುಟ್ಟಿನಿಂದ ಬಂದಿದೆ. ಹುದ್ದೆಯ ಹೊಣೆಯನ್ನು ಮಾತ್ರ ನಾವೇ ಹೊರಬೇಕು. ಹಟ್ಟಿಯ ಒಬ್ಬ ತಮ್ಮನಿಗೆ ಅರ್ಜಿ ತುಂಬಲು ಕಲಿಸಿದರೂ ಸಾಕು, ಅಲ್ಲಿಂದಲೇ ನಾಯಕತನ ಶುರು.